ಒಬ್ಬ ರೋಗಿ, ಎರಡು ಇನ್‌ಹೇಲರ್, ಐದು ಬಗೆಯ ಪಾಠ

61 ವರ್ಷದ ಮಹಿಳೆ. ಹತ್ತು ವಾರದೊಳಗೆ ಎರಡನೇ ಸಲ ಆಸ್ಪತ್ರೆಗೆ ಸೇರಿದ್ದಾರೆ. ಎರಡು ಸಲವೂ ತೊಂದರೆ ಒಂದೇ. ಉಸಿರು ಸಾಲುತ್ತಿಲ್ಲ, ಕಫ ಜಾಸ್ತಿ, ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲ. ಹಳೆಯ ಫೈಲಿನಲ್ಲಿ ಕಾಯಿಲೆಯ ಹೆಸರು "ಆಸ್ತಮಾ" ಎಂದಿದೆ. ಸಿಗರೇಟು ಮುಟ್ಟಿದವರಲ್ಲ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದವರು. ಈ ಕೊನೆಯ ಮಾತು ಫೈಲಿನಲ್ಲಿ ಎಲ್ಲೂ ಇಲ್ಲ. ಯಾರೂ ಕೇಳಿರಲಿಲ್ಲ.

ಇದು ತರಬೇತಿಗಾಗಿ ಕಟ್ಟಿದ ಪ್ರಕರಣ. ಸಿಒಪಿಡಿ (ಶ್ವಾಸಕೋಶದ ಗಾಳಿಯ ದಾರಿ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ರೋಗಿಗಳಲ್ಲಿ ಪದೇ ಪದೇ ಕಾಣುವ ಸಂಗತಿಗಳನ್ನು ಒಬ್ಬರ ಹೆಸರಿಲ್ಲದ ಫೈಲಿಗೆ ಸೇರಿಸಿದ್ದೇವೆ. ರೋಗಿಯ ಅಂಕಿಗಳನ್ನು ಪಾಠಕ್ಕೆ ಬೇಕಾದಂತೆ ಇಟ್ಟಿದ್ದೇವೆ. ಅಧ್ಯಯನಗಳ ಅಂಕಿಗಳು ಮಾತ್ರ ಪ್ರಕಟವಾದವುಗಳೇ. ಓದುವವರು ಡಾಕ್ಟರ್, ನರ್ಸ್, ಫಾರ್ಮಸಿಸ್ಟ್, ಫಿಸಿಯೊಥೆರಪಿಸ್ಟ್ ಯಾರೇ ಆಗಿರಲಿ, ತಮ್ಮ ಪಾತ್ರ ಎಲ್ಲಿ ಬರುತ್ತದೆ ಎಂದು ನೋಡಿಕೊಂಡು ಓದಿದರೆ ಒಳ್ಳೆಯದು.

ತುರ್ತು ವಿಭಾಗದಲ್ಲಿ

ಆಂಬುಲೆನ್ಸ್ ಹತ್ತಿಸಿದಾಗ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 84% ಇತ್ತು. ಉಸಿರಾಟ ನಿಮಿಷಕ್ಕೆ 32. ಹೆಚ್ಚು ಆಕ್ಸಿಜನ್ ಕೊಡುವ, ಚೀಲವಿರುವ ರಿಸರ್ವಾಯರ್ ಮಾಸ್ಕ್ ಹಾಕಿ ಆಕ್ಸಿಜನ್ 10 ಲೀಟರ್‌ಗೆ ಇಟ್ಟರು. ಆಸ್ಪತ್ರೆ ತಲುಪುವಷ್ಟರಲ್ಲಿ ಸ್ಯಾಚುರೇಶನ್ 99%. ಮಾನಿಟರ್ ನೋಡಿ ಎಲ್ಲರಿಗೂ ಸಮಾಧಾನ. ಅದೇ ಮಾಸ್ಕ್ ತುರ್ತು ವಿಭಾಗದಲ್ಲೂ ಮುಂದುವರಿಯಿತು. ನೆಬುಲೈಸೇಶನ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನಲ್ಲಿ ಎಳೆಯಿಸುವುದು) ಕೂಡ ಆಕ್ಸಿಜನ್ ಪೈಪಿನಿಂದಲೇ ನಡೆಯಿತು.

ಒಂದೂವರೆ ಗಂಟೆ ಕಳೆದ ಮೇಲೆ ಸೊಸೆ ಬಂದು, "ಸಿಸ್ಟರ್, ಅತ್ತೆ ಕರೆದರೆ ಓಗೊಡ್ತಾ ಇಲ್ಲ, ತುಂಬಾ ನಿದ್ದೆ ಹೋಗಿದ್ದಾರೆ" ಎಂದರು.

"ರಾತ್ರಿಯೆಲ್ಲ ನಿದ್ದೆ ಇಲ್ಲ ಅಲ್ವಾ? ಮಲಗಲಿ ಬಿಡಮ್ಮ, ಸ್ಯಾಚುರೇಶನ್ ಚೆನ್ನಾಗಿದೆ."

ಶಿಫ್ಟ್ ಬದಲಾದಾಗ ಬಂದ ಡ್ಯೂಟಿ ಡಾಕ್ಟರ್‌ಗೆ ಆ ನಿದ್ದೆ ಸರಿ ಕಾಣಲಿಲ್ಲ. ಎಬಿಜಿ (ರಕ್ತದ ಆಮ್ಲೀಯತೆ, ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯುವ ಪರೀಕ್ಷೆ) ಕಳಿಸಿದರು. ಪಿಎಚ್ 7.24, ಕಾರ್ಬನ್ ಡೈಆಕ್ಸೈಡ್ 78. ಅದು ದಣಿವಿನ ನಿದ್ದೆ ಆಗಿರಲಿಲ್ಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಬಂದ ಮಂಪರು. ರಿಸರ್ವಾಯರ್ ಮಾಸ್ಕ್ ತೆಗೆದರು. ಆಕ್ಸಿಜನ್ನನ್ನು ಅಳೆದು ಕೊಡುವ 28%ರ ವೆಂಚುರಿ ಮಾಸ್ಕ್ ಹಾಕಿ, ಮಾಸ್ಕ್ ಮೂಲಕ ಉಸಿರಾಟಕ್ಕೆ ಆಸರೆ ಕೊಡುವ ಬೈಪ್ಯಾಪ್ ಯಂತ್ರ ತರಿಸಿದರು. ಆಕ್ಸಿಜನ್ ಒಂದೇ ಸಲ ಪೂರ್ತಿ ನಿಲ್ಲಿಸಲಿಲ್ಲ. ಹಾಗೆ ಮಾಡಿದರೆ ಸ್ಯಾಚುರೇಶನ್ ಮೊದಲಿಗಿಂತ ಕೆಳಕ್ಕೆ ಕುಸಿಯುವ ಅಪಾಯ ಇದೆ. ಬೆಳಗಿನ ಹೊತ್ತಿಗೆ ರೋಗಿ ಎಚ್ಚರವಾದರು, ನೀರು ಕೇಳಿದರು.

ಮುಂದಿನ ಕೆಲವು ದಿನದ ಚಿಕಿತ್ಸೆ ಮಾಮೂಲಿ. ಗಾಳಿಯ ದಾರಿ ತೆರೆಯುವ ಸಾಲ್ಬುಟಮಾಲ್, ಇಪ್ರಾಟ್ರೋಪಿಯಂ, ಜೊತೆಗೆ ಸ್ಟೆರಾಯ್ಡ್. ಕಫದ ಬಣ್ಣ ಬದಲಾಗಿದ್ದರಿಂದ ಆಂಟಿಬಯಾಟಿಕ್. ಅದರಲ್ಲಿ ಹೊಸದೇನೂ ಇಲ್ಲ.

ಫೈಲಿನಲ್ಲಿ ಸಿಕ್ಕಿದ್ದು

ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಒಂದು ಸಲವೂ ಆಗಿರಲಿಲ್ಲ. ಸಿಗರೇಟು ಸೇದದ ಹೆಂಗಸು, ಉಬ್ಬಸ ಇದೆ, ಹಾಗಾದರೆ ಆಸ್ತಮಾ. ಮೊದಲು ನೋಡಿದವರು ಹೀಗೆ ಬರೆದರು, ಆಮೇಲೆ ಬಂದವರು ಅದನ್ನೇ ನಕಲು ಮಾಡುತ್ತಾ ಹೋದರು. ಸಿಒಪಿಡಿ ಎಂದರೆ ಸಿಗರೇಟಿನ ಕಾಯಿಲೆ ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿದೆ. ಸೌದೆ, ಬೆರಣಿ, ಕಲ್ಲಿದ್ದಲಿನ ಹೊಗೆ, ಕೆಲಸದ ಜಾಗದ ಧೂಳು, ಹಿಂದೆ ಬಂದುಹೋದ ಕ್ಷಯ, ಬಾಲ್ಯದಲ್ಲಿ ಸರಿಯಾಗಿ ಬೆಳೆಯದ ಶ್ವಾಸಕೋಶ, ಕೆಲವರಲ್ಲಿ ಹುಟ್ಟಿನಿಂದಲೇ ಇರುವ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ. ಇವೂ ಕಾರಣಗಳೇ. "ಸಿಗರೇಟು ಸೇದುತ್ತೀರಾ?" ಎಂದು ಕೇಳಿ "ಇಲ್ಲ" ಎಂದು ಬರೆದರೆ ಅರ್ಧ ಪ್ರಶ್ನೆ ಮಾತ್ರ ಕೇಳಿದ ಹಾಗೆ. "ಯಾವ ಹೊಗೆ, ಎಷ್ಟು ವರ್ಷ?" ಎಂದು ಕೇಳಬೇಕಿತ್ತು.

ಇನ್ನೊಂದು ಸಂಗತಿ ಇನ್ನೂ ಬೇಸರದ್ದು. ಹಿಂದಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ಟೆರಾಯ್ಡ್ ಮಾತ್ರೆಯ ಮುಂದೆ "ಮುಂದಿನ ಭೇಟಿವರೆಗೆ ಮುಂದುವರಿಸಿ" ಎಂದಿತ್ತು. ಮುಂದಿನ ಭೇಟಿಯ ತಾರೀಖು ಇರಲಿಲ್ಲ. ಅವರು ಏಳು ವಾರ ನುಂಗಿದ್ದರು. ಸಕ್ಕರೆ ಏರಿತ್ತು. ತೊಡೆಯ ಬಲ ಕುಗ್ಗಿ ಕುರ್ಚಿಯಿಂದ ಏಳುವುದೇ ಕಷ್ಟವಾಗಿತ್ತು. ಕಾಯಿಲೆ ಉಲ್ಬಣವಾದಾಗ ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ ಐದು ದಿನ ಕೊಟ್ಟರೆ ಸಾಕು. 2013ರಲ್ಲಿ ಪ್ರಕಟವಾದ ರೆಡ್ಯೂಸ್ ಪ್ರಯೋಗ ಐದು ದಿನವನ್ನು ಹದಿನಾಲ್ಕು ದಿನದ ಜೊತೆ ಹೋಲಿಸಿ ನೋಡಿತು. ಆರು ತಿಂಗಳೊಳಗೆ ಮತ್ತೆ ಉಲ್ಬಣವಾಗುವ ವಿಷಯದಲ್ಲಿ ಐದು ದಿನ ಏನೂ ಕಡಿಮೆ ಬೀಳಲಿಲ್ಲ. ಇದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಸಮ್ಮರಿಯಲ್ಲಿ "ಮುಂದುವರಿಸಿ" ಎಂದು ಬಿತ್ತು, ಯಾಕೆಂದರೆ ಅದು ಹಳೆಯ ಟೆಂಪ್ಲೇಟಿನ ಸಾಲು.

ಹೃದಯಕ್ಕೆಂದು ಕೊಟ್ಟಿದ್ದ ಬಿಸೊಪ್ರೊಲಾಲ್ ಅನ್ನೂ ಯಾರೋ "ಆಸ್ತಮಾ ಇದೆ" ಎಂದು ನಿಲ್ಲಿಸಿದ್ದರು. ಹೃದಯಕ್ಕೆ ನಿಜವಾಗಿ ಬೇಕಿದ್ದರೆ ಮುಖ್ಯವಾಗಿ ಹೃದಯದ ಮೇಲೆ ಕೆಲಸ ಮಾಡುವ ಇಂಥ ಬೀಟಾ ಬ್ಲಾಕರ್‌ಗಳನ್ನು ಸಿಒಪಿಡಿ ಇದೆ ಎಂಬ ಒಂದೇ ಕಾರಣಕ್ಕೆ ನಿಲ್ಲಿಸಬೇಕಿಲ್ಲ. ತಪ್ಪು ಹೆಸರು ಇನ್ನೊಂದು ಕಾಯಿಲೆಯ ಚಿಕಿತ್ಸೆಯನ್ನೂ ಕೆಡಿಸಿತ್ತು.

ಆದರೆ ಇಡೀ ಫೈಲಿನಲ್ಲಿ ಒಂದು ಜಾಗ ಮಾತ್ರ ಅಚ್ಚುಕಟ್ಟಾಗಿ ತುಂಬಿತ್ತು. "ಇನ್‌ಹೇಲರ್ ಬಳಸುವ ವಿಧಾನ ಹೇಳಿಕೊಡಲಾಗಿದೆ." ಟಿಕ್. ಸಹಿ. ನಮ್ಮ ಕೆಲಸ ಶುರುವಾಗಿದ್ದು ಆ ಟಿಕ್‌ನಿಂದ.

ಐದು ಜನ, ಐದು ಪಾಠ

ರೋಗಿಯ ಹತ್ತಿರ ಎರಡು ಸಾಧನ ಇದ್ದವು. ಉಸಿರು ಕಟ್ಟಿದಾಗ ಒತ್ತಿ ಎಳೆಯುವ ಸ್ಪ್ರೇ ಒಂದು. ದಿನಾ ಎರಡು ಹೊತ್ತು ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿ ಇನ್‌ಹೇಲರ್ ಇನ್ನೊಂದು.

ಇವೆರಡನ್ನೂ ಬಳಸುವ ರೀತಿ ಬೇರೆ ಬೇರೆ. ಸ್ಪ್ರೇ ತನ್ನದೇ ವೇಗದಲ್ಲಿ ಔಷಧಿಯನ್ನು ಹೊರಗೆ ತಳ್ಳುತ್ತದೆ. ರೋಗಿ ರಭಸದಿಂದ ಎಳೆದರೆ ಅದು ಗಂಟಲಿನ ಹಿಂಭಾಗಕ್ಕೆ ಬಡಿದು ಅಲ್ಲೇ ಕೂರುತ್ತದೆ. ಹಾಗಾಗಿ ನಿಧಾನವಾಗಿ, ನಾಲ್ಕೈದು ಸೆಕೆಂಡ್ ಎಳೆಯಬೇಕು. ಪುಡಿ ಇನ್‌ಹೇಲರ್‌ಗೆ ತನ್ನದೇ ಬಲ ಇಲ್ಲ. ಪುಡಿಯನ್ನು ಒಡೆದು ಹಗುರ ಮಾಡಿ ಒಳಗೆ ಒಯ್ಯುವುದು ರೋಗಿಯ ಉಸಿರೇ. ಅಲ್ಲಿ ಶುರುವಿನಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಎರಡಕ್ಕೂ ಸಾಮಾನ್ಯವಾದದ್ದು ಎರಡು ಹೆಜ್ಜೆ. ಮೊದಲು ಉಸಿರು ಪೂರ್ತಿ ಹೊರಗೆ ಬಿಡುವುದು, ಎಳೆದ ಮೇಲೆ ಸುಮಾರು ಹತ್ತು ಸೆಕೆಂಡ್ ಹಿಡಿದಿಡುವುದು. ಪುಡಿ ಸಾಧನದೊಳಗೆ ಮಾತ್ರ ಉಸಿರು ಬಿಡಬಾರದು. ಬಾಯಿಯ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ.

ಈ ರೋಗಿಯನ್ನು ನೋಡಿಕೊಂಡ ಐದು ಜನರನ್ನು ಒಬ್ಬೊಬ್ಬರಾಗಿ ಕರೆದು, ಔಷಧಿ ಇಲ್ಲದ ಮಾದರಿ ಸಾಧನ ಕೈಗೆ ಕೊಟ್ಟೆವು. "ಇವರಿಗೆ ಹೇಗೆ ಹೇಳಿಕೊಟ್ಟಿರಿ, ಹಾಗೇ ಮಾಡಿ ತೋರಿಸಿ" ಎಂದೆವು. ಪ್ರಶ್ನೆ ಅಷ್ಟೇ.

ಹಗಲಿನ ನರ್ಸ್ ಎರಡು ಸಾಧನಕ್ಕೂ "ಜೋರಾಗಿ ಎಳೀರಿ" ಎಂದಿದ್ದರು. ಫಾರ್ಮಸಿಸ್ಟ್ ಎರಡಕ್ಕೂ "ನಿಧಾನವಾಗಿ" ಎಂದಿದ್ದರು. ಇಬ್ಬರೂ ಅರ್ಧ ಸರಿ. ರಾತ್ರಿಯ ನರ್ಸ್‌ಗೆ ಸ್ಪ್ರೇ ಚೆನ್ನಾಗಿ ಗೊತ್ತಿತ್ತು. ಆದರೆ ಕ್ಯಾಪ್ಸೂಲ್ ಚುಚ್ಚುವ ಗುಂಡಿಯನ್ನು ಒತ್ತಿ ಹಿಡಿದೇ ಎಳೆದು ತೋರಿಸಿದರು. ಹಾಗೆ ಮಾಡಿದರೆ ಕ್ಯಾಪ್ಸೂಲ್ ಒಳಗೆ ತಿರುಗುವುದೇ ಇಲ್ಲ. ಡ್ಯೂಟಿ ಡಾಕ್ಟರ್ ಸ್ಪ್ರೇಯನ್ನು ಅಲುಗಾಡಿಸದೆ, ಎರಡು ಪಫ್ ಒಂದರ ಹಿಂದೆ ಒಂದು ಒತ್ತಿದರು. ಫಿಸಿಯೊಥೆರಪಿಸ್ಟ್ ಎಲ್ಲರನ್ನೂ ಮೀರಿಸಿದರು, ಎರಡೂ ಸಾಧನವನ್ನು ಹೆಚ್ಚುಕಡಿಮೆ ಸರಿಯಾಗಿ ಬಳಸಿದರು. ಆದರೆ ಅವರು ರೋಗಿಗೆ ಹೇಳಿಕೊಟ್ಟಿರಲೇ ಇಲ್ಲ. "ಅದು ನರ್ಸ್ ಕೆಲಸ ಅಂದ್ಕೊಂಡೆ."

ಕೊನೆಗೆ ರೋಗಿಯನ್ನೇ ಕೇಳಿದೆವು. ಅವರು ಎಲ್ಲರ ಮಾತನ್ನೂ ವಿಧೇಯವಾಗಿ ಪಾಲಿಸುತ್ತಿದ್ದರು. ಸ್ಪ್ರೇಯನ್ನು ರಭಸದಿಂದ ಎಳೆಯುತ್ತಿದ್ದರು. ಪುಡಿಯನ್ನು ಮೆಲ್ಲಗೆ, ಸೊರ್ ಎಂದು ಎಳೆಯುತ್ತಿದ್ದರು. ಕ್ಯಾಪ್ಸೂಲ್ ತೆರೆದು ನೋಡಿದರೆ ಪುಡಿ ಹಾಗೇ ಉಳಿದಿತ್ತು. ಎರಡೂ ಕಡೆ ಸರಿಯಾಗಿ ತಿರುಗುಮುರುಗು. ಹತ್ತು ವಾರ ದಿನಾ ಔಷಧಿ "ತೆಗೆದುಕೊಂಡಿದ್ದರು". ಶ್ವಾಸಕೋಶಕ್ಕೆ ತಲುಪಿದ್ದು ಬಹಳ ಕಡಿಮೆ.

ಈ ಐದು ಜನ ಅಸಡ್ಡೆಯವರು ಎಂದುಕೊಳ್ಳಬೇಡಿ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆ 1975ರಿಂದ 2014ರವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಇನ್‌ಹೇಲರನ್ನು ಸರಿಯಾಗಿ ಬಳಸಿದ ರೋಗಿಗಳು 31% ಮಾತ್ರ. ನಲವತ್ತು ವರ್ಷದಲ್ಲಿ ಈ ಅಂಕಿ ಮೇಲಕ್ಕೆ ಹೋಗಲೇ ಇಲ್ಲ. 2018ರಲ್ಲಿ ಅದೇ ಬಗೆಯ ವಿಮರ್ಶೆ ಆರೋಗ್ಯ ಸಿಬ್ಬಂದಿಯ ಮೇಲೆ ಬಂತು. ಸರಿಯಾಗಿ ಮಾಡಿ ತೋರಿಸಿದವರು ಸುಮಾರು 15%. ಅಂದರೆ ಹೇಳಿಕೊಡುವವರ ಸ್ಥಿತಿ ಕಲಿಯುವವರಿಗಿಂತ ಮೇಲಿಲ್ಲ. ರೋಗಿ ಮಾತು ಕೇಳುವುದಿಲ್ಲ ಎಂದು ದೂರುವ ಮೊದಲು ಈ ಎರಡು ಅಂಕಿಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಹಿಂದಿನ ತರಬೇತಿ ಯಾಕೆ ಕೆಲಸ ಮಾಡಲಿಲ್ಲ

ತರಬೇತಿಯೇ ಆಗಿರಲಿಲ್ಲ ಎಂದಿಲ್ಲ. ಕೆಲವು ತಿಂಗಳ ಹಿಂದೆ ಇದೇ ಸಿಬ್ಬಂದಿಗೆ ಸಿಒಪಿಡಿ ಬಗ್ಗೆ ಎರಡು ಗಂಟೆಯ ಉಪನ್ಯಾಸ ನಡೆದಿತ್ತು. ಸಭಾಂಗಣ, ಸ್ಲೈಡ್‌ಗಳು, ಮೊದಲೊಂದು ಪ್ರಶ್ನೆಪತ್ರಿಕೆ, ಕೊನೆಗೊಂದು. ಅಂಕಗಳು ಚೆನ್ನಾಗಿಯೇ ಏರಿದ್ದವು. "ಆಕ್ಸಿಜನ್ ಗುರಿ ಎಷ್ಟು?" ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ 88–92% ಎಂದು ಬರೆದಿದ್ದರು. ಅದೇ ಜನರ ಶಿಫ್ಟಿನಲ್ಲಿ ಈ ರೋಗಿ 99%ರಲ್ಲಿ ಒಂದೂವರೆ ಗಂಟೆ ಮಲಗಿದ್ದರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಲ್ಲಿದೆ. ಮಾಹಿತಿ ಇತ್ತು. ಕೈಗೆ ಅಭ್ಯಾಸ ಇರಲಿಲ್ಲ, ಮತ್ತು ಅಭ್ಯಾಸ ಇದೆಯೋ ಇಲ್ಲವೋ ಎಂದು ಯಾರೂ ನಿಂತು ನೋಡಿರಲಿಲ್ಲ. ಈಜಿನ ಬಗ್ಗೆ ಭಾಷಣ ಕೇಳಿ ಪರೀಕ್ಷೆ ಪಾಸಾದವರನ್ನು ನೀರಿಗೆ ಇಳಿಸಿದ ಹಾಗಾಗಿತ್ತು. ಹಾಗಾಗಿ ಮತ್ತೊಂದು ಉಪನ್ಯಾಸ ಬೇಡ ಎಂಬುದು ಮೊದಲ ತೀರ್ಮಾನ. ಇದಕ್ಕೆ ವಿರೋಧವೂ ಬಂತು. ಉಪನ್ಯಾಸ ಆಯೋಜಿಸುವುದು ಸುಲಭ, ಹಾಜರಿ ಪುಸ್ತಕ ತುಂಬುತ್ತದೆ, ಸರ್ಟಿಫಿಕೇಟ್ ಕೊಡಬಹುದು. ವಾರ್ಡಿನ ಮೂಲೆಯಲ್ಲಿ ನಾಲ್ಕು ಜನ ನಿಂತು ಸ್ಪ್ರೇ ಹಿಡಿದು ಅಭ್ಯಾಸ ಮಾಡುವುದು ತರಬೇತಿಯ ಹಾಗೆ ಕಾಣುವುದಿಲ್ಲ.

ಆದರೂ ಅದನ್ನೇ ಮಾಡಿದೆವು. ಶಿಫ್ಟ್ ಬದಲಾಗುವ ಹೊತ್ತಿಗೆ ಇಪ್ಪತ್ತು ನಿಮಿಷ, ಆ ಹೊತ್ತಿಗೆ ಎರಡೂ ಶಿಫ್ಟಿನವರು ಸಿಗುತ್ತಾರೆ. ಒಂದು ಸಲಕ್ಕೆ ಒಂದೇ ಕೌಶಲ. ಮೊದಲ ವಾರ ಸ್ಪ್ರೇ ಮತ್ತು ಸ್ಪೇಸರ್ (ಸ್ಪ್ರೇಗೂ ಬಾಯಿಗೂ ನಡುವೆ ಇಡುವ ಕೊಳವೆ). ಪುಡಿ ಸಾಧನ ಬೇಕೆಂದೇ ಬೇರೆ ವಾರ, ಎರಡೂ ಒಟ್ಟಿಗೆ ಬೆರೆಯದಿರಲಿ ಎಂದು. ಪ್ರತಿಯೊಬ್ಬರೂ ಮಾಡಿ ತೋರಿಸಬೇಕು, ಪಕ್ಕದವರು ಪಟ್ಟಿ ಹಿಡಿದು ಗುರುತು ಹಾಕಬೇಕು. ಪಟ್ಟಿಯಲ್ಲಿ ಅಂಕ ಇಲ್ಲ. "ಆಯಿತು" ಅಥವಾ "ಮತ್ತೊಮ್ಮೆ" ಅಷ್ಟೇ. ಕೆಲವು ಹೆಜ್ಜೆಗಳಿಗೆ ನಕ್ಷತ್ರ ಹಾಕಿದ್ದೆವು. ಅವುಗಳಲ್ಲಿ ಒಂದು ತಪ್ಪಿದರೂ ಔಷಧಿ ಒಳಗೆ ಹೋಗುವುದಿಲ್ಲ, ಉಳಿದ ಹೆಜ್ಜೆ ಎಷ್ಟೇ ಚೆನ್ನಾಗಿರಲಿ. ಸ್ಪ್ರೇಯಲ್ಲಿ ಒತ್ತುವುದೂ ಎಳೆಯುವುದೂ ಹೊಂದಿಕೊಳ್ಳುವುದು ಅಂಥದ್ದು. ಪುಡಿಯಲ್ಲಿ ಎಳೆತದ ಜೋರು ಅಂಥದ್ದು.

ಯಾರು ಪರೀಕ್ಷಿಸಬೇಕು ಎಂಬುದು ಸೂಕ್ಷ್ಮ ವಿಷಯವಾಯಿತು. ಹಿರಿಯ ಡಾಕ್ಟರ್‌ಗಳು ಕಿರಿಯರ ಮುಂದೆ ತಪ್ಪಲು ಇಷ್ಟಪಡುವುದಿಲ್ಲ, ಅದು ಸಹಜ. ಅವರಿಗೆ ಪ್ರತ್ಯೇಕ ಕೊಠಡಿಯಲ್ಲಿ ಅಭ್ಯಾಸ ಇಡೋಣ ಎಂಬ ಸಲಹೆ ಬಂತು. ಒಪ್ಪಲಿಲ್ಲ. ಪ್ರತ್ಯೇಕ ಮಾಡಿದರೆ ಪಾಠವೂ ಪ್ರತ್ಯೇಕವಾಗುತ್ತದೆ, ಮತ್ತೆ ಐದು ಜನ ಐದು ಮಾತು. ಪರೀಕ್ಷಕರ ಜಾಗದಲ್ಲಿ ಫಾರ್ಮಸಿಸ್ಟ್ ಮತ್ತು ರಾತ್ರಿಯ ನರ್ಸನ್ನು ಕೂರಿಸಿದೆವು. ತಮ್ಮ ತಪ್ಪನ್ನು ಮೊದಲು ತಿದ್ದಿಕೊಂಡವರು ಅವರೇ. ಕೆಲವು ಡಾಕ್ಟರ್‌ಗಳು "ಆಮೇಲೆ ಬರ್ತೀನಿ ಸಿಸ್ಟರ್" ಎಂದು ಹೋದವರು ಬರಲೇ ಇಲ್ಲ. ಹಾಜರಿ ಕಡಿಮೆ ಬಿದ್ದದ್ದು ಅಲ್ಲೇ.

ರೋಗಿಯ ಜೊತೆ ಮಾತಾಡುವ ರೀತಿಯನ್ನೂ ಬದಲಿಸಬೇಕಿತ್ತು. "ಅರ್ಥ ಆಯ್ತಾ ಅಮ್ಮಾ?" ಎಂದು ಕೇಳಿದರೆ ಯಾವ ರೋಗಿಯಾದರೂ "ಹೂಂ" ಅಂತಲೇ ಹೇಳುತ್ತಾರೆ. ಬಿಳಿ ಕೋಟಿನವರ ಮುಂದೆ "ಇಲ್ಲ" ಎನ್ನುವುದು ಸುಲಭವಲ್ಲ, ಹಿಂದೆ ಸಾಲು ಬೇರೆ ಇರುತ್ತದೆ. ಅದರ ಬದಲು ಹೀಗೆ ಕೇಳಬೇಕೆಂದು ಕಲಿಸಿದೆವು: "ನಾನು ಸರಿಯಾಗಿ ಹೇಳಿಕೊಟ್ಟೆನಾ ನೋಡ್ಬೇಕು, ಒಂದ್ಸಲ ನೀವೇ ಮಾಡಿ ತೋರಿಸಿ." ಪರೀಕ್ಷೆ ಹೇಳಿಕೊಟ್ಟವರದ್ದಾಗುತ್ತದೆ, ರೋಗಿಗೆ ಮುಜುಗರ ಇಲ್ಲ. ತಪ್ಪು ಕಂಡರೆ ಪೂರ್ತಿ ಪಾಠ ಮತ್ತೆ ಹೇಳುವುದು ಬೇಡ, ಆ ಒಂದು ಹೆಜ್ಜೆ ತಿದ್ದಿ ಮತ್ತೆ ಮಾಡಿಸುವುದು. ಮನೆಯಲ್ಲಿ ಔಷಧಿ ನೋಡಿಕೊಳ್ಳುವವರು ಪಕ್ಕದಲ್ಲಿರಬೇಕು. ಈ ಪ್ರಕರಣದಲ್ಲಿ ಸೊಸೆ. ಆಕೆ ಮೊದಲ ಸಲವೇ ಎಲ್ಲರಿಗಿಂತ ಚೆನ್ನಾಗಿ ಮಾಡಿದರು.

ಕೇಸ್ ಶೀಟಿನ ಟಿಕ್ ತೆಗೆದುಹಾಕಿ ಅಲ್ಲಿ ಖಾಲಿ ಸಾಲು ಇಟ್ಟೆವು. "ಇವತ್ತು ರೋಗಿ ಮಾಡಿ ತೋರಿಸಿದಾಗ ತಪ್ಪಿದ ಹೆಜ್ಜೆ ಯಾವುದು?" ಇದಕ್ಕೆ ನೋಡದೆ ಉತ್ತರ ಬರೆಯಲು ಆಗುವುದಿಲ್ಲ.

ಆಕ್ಸಿಜನ್: ಎರಡು ತಪ್ಪು ನಂಬಿಕೆ

ಈ ಪಾಠ ಇನ್‌ಹೇಲರ್‌ಗಿಂತ ಕಷ್ಟದ್ದು. ಸಿಬ್ಬಂದಿಯಲ್ಲಿ ಎರಡು ಬಣ ಇತ್ತು. "ಉಸಿರು ಕಟ್ಟಿದವರಿಗೆ ಆಕ್ಸಿಜನ್ ಎಷ್ಟು ಕೊಟ್ಟರೂ ಒಳ್ಳೆಯದೇ" ಎನ್ನುವವರು ಒಂದು ಕಡೆ. "ಸಿಒಪಿಡಿಗೆ ಆಕ್ಸಿಜನ್ ಕೊಟ್ಟರೆ ಉಸಿರಾಟವೇ ನಿಂತುಹೋಗುತ್ತೆ" ಎಂದು ಹೆದರುವವರು ಇನ್ನೊಂದು ಕಡೆ. ಮೊದಲನೆಯವರು ಈ ರೋಗಿಗೆ ಮಂಪರು ಬರಿಸಿದರು. ಎರಡನೆಯವರ ಕೈಗೆ ಸಿಕ್ಕಿದ್ದರೆ 84%ರಲ್ಲೇ ಬಿಟ್ಟಿರುತ್ತಿದ್ದರು, ಅದು ಇನ್ನೂ ಬೇಗ ಕೊಲ್ಲುತ್ತದೆ.

ಒಳಗೆ ಆಗುವುದೇನು? ಸಿಒಪಿಡಿ ಶ್ವಾಸಕೋಶದಲ್ಲಿ ಕೆಲವು ಭಾಗಕ್ಕೆ ಗಾಳಿ ಸರಿಯಾಗಿ ಹೋಗುವುದಿಲ್ಲ. ದೇಹ ಜಾಣತನದಿಂದ ಆ ಭಾಗದ ರಕ್ತನಾಳಗಳನ್ನು ಕಿರಿದು ಮಾಡಿ, ಗಾಳಿ ಆಡುವ ಕಡೆಗೆ ರಕ್ತ ತಿರುಗಿಸುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಆಕ್ಸಿಜನ್ ಕೊಟ್ಟಾಗ ಆ ನಾಳಗಳು ಮತ್ತೆ ಅಗಲವಾಗುತ್ತವೆ. ಗಾಳಿ ಆಡದ ಕಡೆಗೂ ರಕ್ತ ಹರಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ಉಳಿಯುತ್ತದೆ. ಜೊತೆಗೆ, ಆಕ್ಸಿಜನ್ ತುಂಬಿದ ಹಿಮೊಗ್ಲೋಬಿನ್ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಉಸಿರಾಡುವ ಪ್ರೇರಣೆ ಸ್ವಲ್ಪ ತಗ್ಗುವುದೂ ಇದೆ. ಆದರೆ ಪಠ್ಯಗಳಲ್ಲಿ ಅದಕ್ಕೆ ಸಿಕ್ಕಷ್ಟು ದೊಡ್ಡ ಪಾತ್ರ ಅದರದಲ್ಲ.

ಇದನ್ನು ಚಿತ್ರ ಬರೆದು ತೋರಿಸಿದಾಗ ನರ್ಸ್‌ಗಳು ಕೇಳಿದ ಪ್ರಶ್ನೆ ನೇರವಾಗಿತ್ತು. "ಮಾನಿಟರ್‌ನಲ್ಲಿ 99 ಬಂದರೆ ಒಳ್ಳೆಯದಲ್ವಾ ಸರ್?" ಪಲ್ಸ್ ಆಕ್ಸಿಮೀಟರ್ ಕಾರ್ಬನ್ ಡೈಆಕ್ಸೈಡ್ ಬಗ್ಗೆ ಏನೂ ಹೇಳುವುದಿಲ್ಲ. ಈ ಒಂದು ವಾಕ್ಯವನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಆಕ್ಸಿಜನ್ ಮೇಲಿರುವ ಸಿಒಪಿಡಿ ರೋಗಿಗೆ 99% ಬಂದರೆ ಅದು ಫ್ಲೋ ಇಳಿಸಬೇಕು ಎಂಬ ಸೂಚನೆ.

ಪುರಾವೆ ಬೇಕೆಂದವರಿಗೆ 2010ರ ಟಾಸ್ಮೇನಿಯಾ ಪ್ರಯೋಗ ತೋರಿಸಿದೆವು. ಅಲ್ಲಿ ಆಂಬುಲೆನ್ಸ್‌ನಲ್ಲೇ ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದಕ್ಕೆ ಮಾಮೂಲಿ ಹೈ ಫ್ಲೋ ಆಕ್ಸಿಜನ್, ಇನ್ನೊಂದಕ್ಕೆ 88–92% ಗುರಿಯಿಟ್ಟು ಅಳೆದು ಕೊಟ್ಟ ಆಕ್ಸಿಜನ್. ಸಿಒಪಿಡಿ ಖಚಿತವಾಗಿದ್ದವರಲ್ಲಿ ಹೈ ಫ್ಲೋ ಗುಂಪಿನ ಸಾವು 9%, ಅಳೆದು ಕೊಟ್ಟ ಗುಂಪಿನಲ್ಲಿ 2%. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಫ್ಲೋಮೀಟರಿನ ಗುಂಡಿ ತಿರುಗಿಸಿದ್ದಷ್ಟೇ.

ಆಮೇಲೆ ವಾರ್ಡಿನಲ್ಲಿ ಆದ ಬದಲಾವಣೆ ಇಷ್ಟು. ಆಕ್ಸಿಜನ್ನನ್ನು ಔಷಧಿಯ ಚಾರ್ಟಿನಲ್ಲೇ ಬರೆಯಬೇಕು, "4 ಲೀಟರ್" ಎಂದಲ್ಲ, "ಗುರಿ 88–92%" ಎಂದು. ಗುರಿ ದಾಟಿದರೆ ಡಾಕ್ಟರ್‌ಗೆ ಕಾಯದೆ ನರ್ಸೇ ಫ್ಲೋ ಇಳಿಸಬಹುದು. ನೆಬುಲೈಸೇಶನ್‌ಗೆ ಗಾಳಿಯ ಕಂಪ್ರೆಸರ್ ಬಳಸಬೇಕು, ಬೇಕಾದರೆ ಮೂಗಿನ ಪೈಪಿನಲ್ಲಿ ಆಕ್ಸಿಜನ್ ಬೇರೆ ಕೊಡಬೇಕು. ಕಂಪ್ರೆಸರ್ ಸಿಗದೆ ಆಕ್ಸಿಜನ್‌ನಲ್ಲೇ ಕೊಡಬೇಕಾಗಿ ಬಂದರೆ ಆರು ನಿಮಿಷಕ್ಕೆ ನಿಲ್ಲಿಸಬೇಕು. ಒಮ್ಮೆ ಕಾರ್ಬನ್ ಡೈಆಕ್ಸೈಡ್ ಏರಿದವರಿಗೆ ಎಚ್ಚರಿಕೆಯ ಕಾರ್ಡ್ ಬರೆದುಕೊಡಬೇಕು. ಇವರ ಕಾರ್ಡ್ ಸೊಸೆಯ ಫೋನ್ ಕವರಿನಲ್ಲಿದೆ. ಆಂಬುಲೆನ್ಸ್ ಸಿಬ್ಬಂದಿಯನ್ನೂ ಇದೇ ಪಾಠಕ್ಕೆ ಕರೆದೆವು. ಅವರನ್ನು ಬಿಟ್ಟು ಆಕ್ಸಿಜನ್ ತರಬೇತಿ ಮಾಡುವುದರಲ್ಲಿ ಅರ್ಥವಿಲ್ಲ.

ಹೆಸರು ಸರಿಮಾಡುವುದು

ಡಿಸ್ಚಾರ್ಜ್ ಹೊತ್ತಿಗೆ ಕಾಯಿಲೆಯ ಹೆಸರನ್ನು "ಸಿಒಪಿಡಿ ಇರಬಹುದು, ಸ್ಪೈರೊಮೆಟ್ರಿ ಬಾಕಿ" ಎಂದು ಬರೆದೆವು. ಉಲ್ಬಣದ ನಡುವೆ ಊದಿಸಿ ಅಂತಿಮ ತೀರ್ಪು ಬರೆಯುವುದು ಸರಿಯಲ್ಲ. ಆರು ವಾರದ ನಂತರ, ಸ್ಥಿರವಾದ ಮೇಲೆ ಮಾಡಿಸಿದಾಗ ಸಾಲ್ಬುಟಮಾಲ್ ಕೊಟ್ಟ ನಂತರವೂ ಎಫ್‌ಇವಿ1/ಎಫ್‌ವಿಸಿ (ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿಗೂ ಒಟ್ಟು ಊದಿದ ಗಾಳಿಗೂ ಇರುವ ಅನುಪಾತ) 0.52 ಬಂತು. 0.7ಕ್ಕಿಂತ ಕೆಳಗೆ, ಅಂದರೆ ಗಾಳಿಯ ದಾರಿ ಕಟ್ಟಿದೆ ಮತ್ತು ಔಷಧಿಯಿಂದ ಪೂರ್ತಿ ತೆರೆಯುತ್ತಿಲ್ಲ. ಎಫ್‌ಇವಿ1 ನಿರೀಕ್ಷಿತದ 44%. ಸಿಒಪಿಡಿಯ ತೀವ್ರತೆ ಗುರುತಿಸುವ ಗೋಲ್ಡ್ ವರ್ಗೀಕರಣದಲ್ಲಿ ಮೂರನೇ ಹಂತ.

ಇಲ್ಲಿ ಟೆಕ್ನಿಷಿಯನ್ ಬಗ್ಗೆ ಒಂದು ಮಾತು. ತರಬೇತಿಯ ಪಟ್ಟಿಯಲ್ಲಿ ಅವರ ಹೆಸರು ಮೊದಲು ಇರಲೇ ಇಲ್ಲ. ಆದರೆ ಇಡೀ ರೋಗನಿರ್ಣಯ ನಿಂತಿರುವುದು ಅವರ ದನಿಯ ಮೇಲೆ. "ಊದಿ ಊದಿ ಊದಿ, ನಿಲ್ಲಿಸಬೇಡಿ, ಇನ್ನೂ ಇನ್ನೂ" ಎಂದು ಹುರಿದುಂಬಿಸದಿದ್ದರೆ ರೋಗಿ ಎರಡು ಸೆಕೆಂಡಿಗೆ ಬಿಟ್ಟುಬಿಡುತ್ತಾರೆ. ಎಫ್‌ವಿಸಿ ಸುಳ್ಳಾಗಿ ಕಡಿಮೆ ಬರುತ್ತದೆ, ಅನುಪಾತ ಸುಳ್ಳಾಗಿ ಚೆನ್ನಾಗಿ ಕಾಣುತ್ತದೆ, ಸಿಒಪಿಡಿ ತಪ್ಪಿಹೋಗುತ್ತದೆ. ಒಪ್ಪಬಹುದಾದ ಮೂರು ಊದಿಕೆ ಬೇಕು. ಅದರಲ್ಲಿ ಅತಿ ಹೆಚ್ಚಿನ ಎರಡರ ನಡುವೆ 150 ಮಿಲಿಲೀಟರ್‌ಗಿಂತ ವ್ಯತ್ಯಾಸ ಇರಬಾರದು. ಸಾಲ್ಬುಟಮಾಲ್ ಕೊಟ್ಟ ಮೇಲೆ 15 ನಿಮಿಷ ಕಾಯಬೇಕು. ಸಾಲು ದೊಡ್ಡದಿದ್ದಾಗ ಮೊದಲು ಕತ್ತರಿ ಬೀಳುವುದು ಆ 15 ನಿಮಿಷಕ್ಕೇ.

ಮನೆಗೆ ಕಳಿಸುವಾಗ

ಎರಡು ಬಗೆಯ ಸಾಧನ ಬೇಡ ಎಂದು ನಿರ್ಧರಿಸಿದೆವು. ದಿನನಿತ್ಯದ್ದೂ ತುರ್ತಿನದ್ದೂ ಎರಡೂ ಸ್ಪ್ರೇ, ಎರಡಕ್ಕೂ ಒಂದೇ ಸ್ಪೇಸರ್. ಪುಡಿಯನ್ನು ಒಡೆಯುವಷ್ಟು ಎಳೆತ ಅವರಲ್ಲಿ ಇರಲಿಲ್ಲ, ಅದೂ ಒಂದು ಕಾರಣ. ಇನ್ನು ಮುಂದೆ ಯಾರು ಹೇಳಿಕೊಟ್ಟರೂ "ನಿಧಾನವಾಗಿ" ಎಂಬ ಒಂದೇ ಮಾತು. ರಕ್ತದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) 340 ಇತ್ತು, ಉಲ್ಬಣ ಎರಡು ಸಲ ಆಗಿತ್ತು. ಹಾಗಾಗಿ ದೀರ್ಘ ಕಾಲ ಕೆಲಸ ಮಾಡುವ ಎರಡು ಬ್ರಾಂಕೋಡೈಲೇಟರ್ (ಗಾಳಿಯ ದಾರಿ ತೆರೆಯುವ ಔಷಧಿ) ಜೊತೆ ಸ್ಟೆರಾಯ್ಡ್ ಸ್ಪ್ರೇಯೂ ಸೇರಿತು. ಇಯೊಸಿನೊಫಿಲ್ 100ಕ್ಕಿಂತ ಕಡಿಮೆ ಇದ್ದಿದ್ದರೆ ಸೇರಿಸುತ್ತಿರಲಿಲ್ಲ. ಅಲ್ಲಿ ಲಾಭ ಕಡಿಮೆ, ನ್ಯುಮೋನಿಯಾದ ಅಪಾಯ ಮಾತ್ರ ಉಳಿಯುತ್ತದೆ. ಸ್ಟೆರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸುವುದನ್ನು ಸೊಸೆ ನೆನಪಿಸಬೇಕು.

ಸ್ಟೆರಾಯ್ಡ್ ಮಾತ್ರೆ ವಿಷಯಕ್ಕೆ ತಲೆಕೆಡಿಸಿಕೊಳ್ಳಬೇಕಾಯಿತು. ಏಳು ವಾರ ನುಂಗಿದವರಿಗೆ ಐದು ದಿನಕ್ಕೆ ಪಟ್ಟನೆ ನಿಲ್ಲಿಸಲು ಬರುವುದಿಲ್ಲ, ಹಂತ ಹಂತವಾಗಿ ಇಳಿಸಬೇಕು. ಸಮ್ಮರಿಯಲ್ಲಿ ಪ್ರತಿ ಇಳಿಕೆಯ ತಾರೀಖು ಮತ್ತು ಕೊನೆಯ ಮಾತ್ರೆಯ ತಾರೀಖು ಬರೆದೆವು. ಬಿಸೊಪ್ರೊಲಾಲ್ ವಾಪಸ್ ಶುರುವಾಯಿತು.

ಮಗ ಮನೆಗೆ ಆಕ್ಸಿಜನ್ ಯಂತ್ರ ಕೊಳ್ಳಲು ತಯಾರಾಗಿದ್ದರು. ವಾರ್ಡಿನಲ್ಲಿ ಯಾರೋ "ಇದ್ದರೆ ಒಳ್ಳೆಯದು" ಎಂದಿದ್ದರು. ಬಿಡುಗಡೆಯ ದಿನ ಆಕ್ಸಿಜನ್ ಇಲ್ಲದೆ ಕೂತಾಗ ಸ್ಯಾಚುರೇಶನ್ 91%. ದಿನಕ್ಕೆ 15 ಗಂಟೆಗೂ ಮಿಕ್ಕಿ ಕೊಡುವ ದೀರ್ಘಕಾಲದ ಆಕ್ಸಿಜನ್ ಆಯಸ್ಸು ಹೆಚ್ಚಿಸುತ್ತದೆ, ಆದರೆ ರಕ್ತದ ಆಕ್ಸಿಜನ್ ತೀರಾ ಕಡಿಮೆ ಇರುವವರಿಗೆ ಮಾತ್ರ: ಸುಮಾರು 88% ಅಥವಾ ಅದಕ್ಕಿಂತ ಕೆಳಗೆ. ಇವರ ಹಾಗೆ 89–93%ರ ನಡುವೆ ಇರುವವರಲ್ಲಿ 2016ರ ಲಾಟ್ ಪ್ರಯೋಗಕ್ಕೆ ಲಾಭ ಕಾಣಲಿಲ್ಲ. ಯಂತ್ರ ಬೇಡ ಎಂದೆವು. "ಅಷ್ಟು ದುಡ್ಡಿನಲ್ಲಿ ಹೊಗೆಯಿಲ್ಲದ ಒಲೆ, ಗಾಳಿ ಓಡಾಡುವ ಅಡುಗೆಮನೆ ಆಗಲಿ" ಎಂದು ಫಿಸಿಯೊಥೆರಪಿಸ್ಟ್ ಸೇರಿಸಿದರು. ಮನೆಯವರಿಗೆ ಅದು ಹಿಡಿಸಿತು.

ಫಿಸಿಯೊಥೆರಪಿಸ್ಟೇ ಹೇಳಿದ ಇನ್ನೊಂದು ಮಾತಿಗೆ ನರ್ಸ್‌ಗಳು ಮೊದಲು ಒಪ್ಪಲಿಲ್ಲ. "ರೆಸ್ಟ್ ತಗೊಳ್ಳಿ" ಎನ್ನುವುದು ಸಿಒಪಿಡಿ ರೋಗಿಗೆ ಕೆಟ್ಟ ಸಲಹೆ. ಏದುಸಿರಿಗೆ ಹೆದರಿ ಕೂತರೆ ಕಾಲಿನ ಸ್ನಾಯು ಕರಗುತ್ತದೆ. ಆಮೇಲೆ ಇನ್ನೂ ಸಣ್ಣ ಕೆಲಸಕ್ಕೆ ಏದುಸಿರು. ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದು, ಕುರ್ಚಿಯಿಂದ ಎದ್ದು ಕೂರುವುದು, ದಿನಾ ಸ್ವಲ್ಪ ನಡೆಯುವುದು. ಪುನಶ್ಚೇತನ ವ್ಯಾಯಾಮ ಮನೆಗೆ ಹೋದ ನಾಲ್ಕು ವಾರದೊಳಗೆ ಶುರುವಾಯಿತು. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆಯೂ ಆಯಿತು.

ಆರು ತಿಂಗಳಲ್ಲಿ

ಒಂದು ಸಲ ಕಫದ ಬಣ್ಣ ಬದಲಾಯಿತು, ಏದುಸಿರು ಜಾಸ್ತಿಯಾಯಿತು. ಬರೆದುಕೊಟ್ಟ ಯೋಜನೆ ನೋಡಿ ಸೊಸೆ ಎರಡನೇ ದಿನವೇ ಫೋನ್ ಮಾಡಿದರು, ಮನೆಯಲ್ಲೇ ವಾಸಿಯಾಯಿತು. ಅಡ್ಮಿಷನ್ ಇಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಈಗಲೂ ಇದೆ, ಅದು ಹೋಗುವುದಿಲ್ಲ. ಸಿಎಟಿ ಪ್ರಶ್ನಾವಳಿಯಲ್ಲಿ (ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು) 28 ಇದ್ದದ್ದು 19ಕ್ಕೆ ಇಳಿದಿದೆ. ಇದರಲ್ಲಿ ಇನ್‌ಹೇಲರ್‌ನ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು, ಒಲೆ ಬದಲಿಸಿದ್ದರ ಪಾಲೆಷ್ಟು ಎಂದು ಒಬ್ಬ ರೋಗಿಯನ್ನು ನೋಡಿ ಬಿಡಿಸಿ ಹೇಳಲು ಬರುವುದಿಲ್ಲ.

ಸಿಬ್ಬಂದಿಯ ವಿಷಯ ಅಷ್ಟು ನೆಟ್ಟಗಿಲ್ಲ. ಹಗಲು ಆಕ್ಸಿಜನ್ ಚಾರ್ಟ್‌ನಲ್ಲಿ ಗುರಿ ಬರೆದಿರುತ್ತದೆ, ರಾತ್ರಿ ಅಡ್ಮಿಟ್ ಆದವರದ್ದು ಇನ್ನೂ ಹಲವು ಸಲ ಖಾಲಿ. ಮೊದಲ ತಿಂಗಳು ಚೆನ್ನಾಗಿ ಸ್ಪ್ರೇ ತೋರಿಸಿದವರೇ ಮೂರನೇ ತಿಂಗಳಿಗೆ ಉಸಿರು ಹಿಡಿದಿಡುವುದನ್ನು ಬಿಟ್ಟಿದ್ದರು. ಕೌಶಲ ಸುಮ್ನೆ ಉಳಿಯುವುದಿಲ್ಲ. ಹಾಗಾಗಿ ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ, ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ.

ಐದನೇ ತಿಂಗಳಲ್ಲಿ ಫಾರ್ಮಸಿಯಲ್ಲಿ ಈ ರೋಗಿಯ ದಿನನಿತ್ಯದ ಸ್ಪ್ರೇ ಸ್ಟಾಕ್ ಮುಗಿದಿತ್ತು. ಅದೇ ಔಷಧಿಗಳು ಪುಡಿ ಸಾಧನದಲ್ಲಿ ಇದ್ದವು. ಚೀಟಿಯ ಲೆಕ್ಕದಲ್ಲಿ ಎರಡೂ ಒಂದೇ. ಕೌಂಟರಿನಲ್ಲಿದ್ದವರು ಆ ಐದು ಜನರಲ್ಲಿದ್ದ ಫಾರ್ಮಸಿಸ್ಟೇ. ಪೊಟ್ಟಣ ಕೊಡುವ ಮೊದಲು "ಒಂದ್ಸಲ ಎಳೆದು ತೋರಿಸಿ ಅಮ್ಮಾ" ಎಂದರು. ರೋಗಿ ತಾವು ಕಲಿತ ಹಾಗೆ ನಿಧಾನವಾಗಿ ಎಳೆದರು. ಪುಡಿ ಅಲುಗಲಿಲ್ಲ. ಫಾರ್ಮಸಿಸ್ಟ್ ಅದನ್ನು ವಾಪಸ್ ಇಟ್ಟುಕೊಂಡು ಡಾಕ್ಟರ್‌ಗೆ ಫೋನ್ ಮಾಡಿದರು, ಸ್ಪ್ರೇಯನ್ನು ಬೇರೆ ಕಡೆಯಿಂದ ತರಿಸಿದರು. ಅದಾದ ಮೇಲೆ ಚೀಟಿಯಲ್ಲಿ ಔಷಧಿಯ ಹೆಸರಿನ ಜೊತೆ ಸಾಧನದ ಬಗೆಯನ್ನೂ ಬರೆಯುವುದು ಕಡ್ಡಾಯವಾಯಿತು. ಡಾಕ್ಟರನ್ನು ಕೇಳದೆ ಸಾಧನ ಬದಲಿಸುವಂತಿಲ್ಲ. ಬದಲಿಸಿದರೆ ರೋಗಿ ಹೊಸದನ್ನು ಮಾಡಿ ತೋರಿಸುವ ತನಕ ಕೌಂಟರಿನಿಂದ ಕಳಿಸುವಂತಿಲ್ಲ.